ಕುಗ್ಗಿದ್ದೋ, ಸುಂಡಿದ್ದೋ?

ಮಹಿಳಾ ವೇದಿಕೆಯ ಗೆಳತಿಯರೇ, ‘ಯಾವುದಾದರೂ ಒಂದು ಕನ್ನಡ ಪದದ ಬಗ್ಗೆ ಹತ್ತು ನಿಮಿಷ ಮಾತಾಡಿ’ ಎಂದು ಕೇಳಿದಾಗ ನಾನು ತಕ್ಷಣ ಒಪ್ಪಿಕೊಂಡೆ. ವ್ಯಾಕರಣ ಓದಿದ್ದೇನೆ ಅಂತಲ್ಲ. ನಮ್ಮ ಮನೆಯಲ್ಲಿ ಒಂದು ಪದಕ್ಕಾಗಿ ಸಣ್ಣ ಜಗಳವೇ ಆಗಿತ್ತು, ಅದಕ್ಕೆ.

ಹೋದ ದೀಪಾವಳಿಗೆ ಬಾಸುಂದಿಗೆ ಹಾಲಿಟ್ಟಿದ್ದೆ. ಮಗಳು ಪಾತ್ರೆಯೊಳಗೆ ಇಣುಕಿ, ‘ಅಜ್ಜಿ, ಹಾಲು ಶ್ರಿಂಕ್ ಆಗಿದೆ’ ಅಂದಳು. ನಮ್ಮ ಅತ್ತೆ ಸಾಗರದ ಕಡೆಯವರು. ‘ಹಾಲು ಕುಗ್ಗುತ್ತೇನೆ? ಸುಂಡುತ್ತೆ ಅನ್ನು’ ಅಂದರು. ಅಷ್ಟರಲ್ಲಿ ಪಕ್ಕದ ಮನೆಯ ಕಾಕು ಬಾಗಿಲಲ್ಲಿ ನಿಂತು ‘ದೂಧ ಆಟ್ಲಂ ಕಾ?’ ಎಂದು ಕೇಳಿದರು. ಒಂದು ಪಾತ್ರೆ ಹಾಲಿಗೆ ಮೂರು ಭಾಷೆ!

ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದ ಕಾಲವಾಗಿದ್ದರೆ ಒಂದು ಕಾರ್ಡು ಹಾಕಿ ಅವರನ್ನೇ ಕೇಳಬಹುದಿತ್ತು. ಈಗ ನಾವೇ ಹುಡುಕಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ‘ಸುಂಡು’ ಇದೆ. ಕುದಿಯುತ್ತಾ ನೀರು ಆರಿಹೋಗುವುದು ಎಂಬ ಅರ್ಥ. ತಮಿಳು, ತೆಲುಗಿನಲ್ಲೂ ಇದರ ಅಕ್ಕತಂಗಿಯರಿದ್ದಾರೆ. ನವರಾತ್ರಿಯಲ್ಲಿ ತಮಿಳರ ಮನೆಯಲ್ಲಿ ದೊನ್ನೆಗೆ ಹಾಕಿ ಕೊಡುವ ಸುಂಡಲ್ ಇದೇ ಬಳ್ಳಿಯದು. ನೀರು ಹಿಂಗುವ ತನಕ ಬೇಯಿಸಿದ ಕಾಳು.

ಇಲ್ಲಿ ಕೂತವರಲ್ಲಿ ಹಾಲು ‘ಬತ್ತಿಸೋದು’, ‘ಇಂಗಿಸೋದು’ ಅನ್ನುವವರೂ ಇದ್ದೀರಿ. ತಪ್ಪಲ್ಲ. ಆದರೆ ಬಾವಿ ಬತ್ತಿದರೆ ಏನೂ ಉಳಿಯುವುದಿಲ್ಲ. ಹಾಲು ಸುಂಡಿದರೆ ಹೋದದ್ದು ನೀರು ಮಾತ್ರ. ಒಂದು ಲೀಟರ್ ಎಮ್ಮೆ ಹಾಲು ಸುಂಡಿಸುತ್ತಾ ಹೋದರೆ ಕೊನೆಗೆ ಸುಮಾರು 200 ಗ್ರಾಂ ಖೋವಾ ಸಿಗುತ್ತದೆ. ಆ ಲೀಟರಿನ ಕೊಬ್ಬು, ಸಿಹಿ, ಸತ್ವ ಎಲ್ಲ ಅದರೊಳಗೇ ಇದೆ. ಮಲೆನಾಡಿನ ಆಲೆಮನೆ ನೋಡಿದವರಿಗೆ ಇದು ಹೇಳಬೇಕಾಗಿಲ್ಲ. ಕಬ್ಬಿನ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿದು, ನೊರೆ ತೆಗೆದು, ಕೊನೆಗೆ ಎಳೆಯೆಳೆಯಾಗಿ ಇಳಿಯುವ ಜೋನಿ ಬೆಲ್ಲ ಉಳಿಯುತ್ತದೆ. ಕಷಾಯವೂ ಹಾಗೆಯೇ. ‘ಎಂಟು ಲೋಟ ಹಾಕಿ ಎರಡು ಲೋಟಕ್ಕೆ ಇಳಿಸು’ ಎಂದು ಅಜ್ಜಿಯರು ಹೇಳುತ್ತಿದ್ದರಲ್ಲ, ಅದೂ ಸುಂಡಿಸುವುದೇ. (ಬೆಳಗಾವಿ ಕುಂದಾಕ್ಕೂ ‘ಕುಂದು’ ಅನ್ನುವ ನಮ್ಮ ಕ್ರಿಯಾಪದಕ್ಕೂ ನೆಂಟಸ್ತಿಕೆ ಕಟ್ಟುವ ಆಸೆ ನನಗೂ ಬಂದಿತ್ತು. ಬೆಳಗಾವಿಯವರು ಎದುರಿಗೇ ಕೂತಿದ್ದಾರೆ, ಬೇಡ.)

ಇನ್ನು ಕಾಕು ಹೇಳಿದ ‘ಆಟಣೆ’. ಮರಾಠಿಯಲ್ಲಿ ಹಾಲೂ ಆಟುತ್ತದೆ, ಬಾವಿಯೂ ಆಟುತ್ತದೆ, ಒಗೆದ ಹತ್ತಿಬಟ್ಟೆಯೂ ಆಟುತ್ತದೆ. ಹಾಗಂತ ಅವರ ಭಾಷೆ ಬಡವೇನಲ್ಲ, ರಸ ಗಟ್ಟಿಯಾಗುವುದಕ್ಕೆ ‘ಆಳಣೆ’, ಸೆಳೆದುಕೊಂಡು ಚಿಕ್ಕದಾಗುವುದಕ್ಕೆ ‘ಆಕಸಣೆ’ ಅಂತ ಬೇರೆ ಬೇರೆ ಇವೆ. ಕನ್ನಡದಲ್ಲಿ ಏನು ಚಿಕ್ಕದಾಯಿತು ಎಂದು ನೋಡಿಯೇ ಮಾತು ಆರಿಸಬೇಕು. ಬಟ್ಟೆ ಕುಗ್ಗುತ್ತದೆ, ಸೊಪ್ಪು ಬಾಡುತ್ತದೆ, ಚರ್ಮ ಸುಕ್ಕುತ್ತದೆ, ಬಾವು ಇಳಿಯುತ್ತದೆ. ಮುಟ್ಟಿದರೆ ಮುನಿಯ ಎಲೆ ಮುದುಡುತ್ತದೆ. ಪಿಎಂಪಿಎಂಎಲ್ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವರು ಬಂದರೆ ‘ಸ್ವಲ್ಪ ಒತ್ತಿ ಕೂತ್ಕೊಳ್ಳಿ’ ಅನ್ನಬೇಕು. ನಾವು ಅನ್ನುವುದು ‘ಅಡ್ಜಸ್ಟ್ ಮಾಡ್ಕೊಳ್ಳಿ’.

ಸಂಸ್ಕೃತದಿಂದ ಬಂದ ‘ಸಂಕೋಚ’ದ ಕಥೆ ಇನ್ನೂ ಸ್ವಾರಸ್ಯ. ಮೂಲದಲ್ಲಿ ಅದರ ಅರ್ಥ ಕುಗ್ಗುವುದು ಅಂತಲೇ. ಹೃದಯದ ಸಂಕೋಚನ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಊಟದ ಪಂಕ್ತಿಯಲ್ಲಿ ‘ಸಂಕೋಚ ಮಾಡ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ’ ಅಂದಾಗ ಅದು ಮನಸ್ಸಿನ ಮಾತು. ನಮ್ಮಲ್ಲಿ ಎಷ್ಟು ಜನರಿಗೆ ಚಿಕ್ಕಂದಿನಲ್ಲಿ ‘ಹೆಣ್ಣುಮಕ್ಕಳು ಮುದುಡಿಕೊಂಡು ಕೂರಬೇಕು’ ಎಂದು ಹೇಳಿದ್ದರು, ಕೈ ಎತ್ತಿ ನೋಡೋಣ! ಸಂಕೋಚ ಗುಣವೂ ಆಯಿತು, ಸಂಕುಚಿತ ಮಾತ್ರ ಬೈಗುಳವಾಯಿತು. ಇದನ್ನೆಲ್ಲ ಕೂಲಂಕಷವಾಗಿ ನೋಡುವ ಮನಸ್ಸಿದ್ದವರಿಗೆ ನಮ್ಮ ಪುಣೆಯಲ್ಲೇ, ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ದೊಡ್ಡ ನಿಘಂಟಿನ ಕೆಲಸ 1948ರಿಂದ ನಡೆಯುತ್ತಿದೆ. ಮೊದಲ ಸಂಪುಟ ಬಂದದ್ದು 1976ರಲ್ಲಿ. ‘ಸ’ ಅಕ್ಷರಕ್ಕೆ ಬರುವ ಹೊತ್ತಿಗೆ ನಾವ್ಯಾರೂ ಇರುವುದಿಲ್ಲ.

ಈಗ ಜಗಳದ ವಿಷಯ.

ಅತ್ತೆ ಜಗಲಿ, ಅಟ್ಟ, ಹಿತ್ತಿಲು, ಕೊಟ್ಟಿಗೆ ಇದ್ದ ಮನೆ ಬಿಟ್ಟು ಕೋಥ್ರೂಡಿನ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದು ನಾಲ್ಕು ವರ್ಷವಾಯಿತು. ತಂದದ್ದು ಒಂದು ಟ್ರಂಕು. ಬಂದ ಹೊಸದರಲ್ಲಿ ಮಾತು ಕಡಿಮೆ ಮಾಡಿದ್ದರು. ಲಿಫ್ಟಿನಲ್ಲಿ ಯಾರಾದರೂ ಮರಾಠಿಯಲ್ಲಿ ಮಾತಾಡಿಸಿದರೆ ನಕ್ಕು ಸುಮ್ಮನಾಗುತ್ತಿದ್ದರು. ಒಂದು ದಿನ ನಾದಿನಿಗೆ ಫೋನಿನಲ್ಲಿ ‘ಅತ್ತೆ ಇಲ್ಲಿಗೆ ಬಂದ ಮೇಲೆ ತುಂಬಾ ಕುಗ್ಗಿದ್ದಾರೆ’ ಅಂದೆ. ಕಾಳಜಿಯಿಂದಲೇ ಅಂದದ್ದು. ಅವರು ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದರು, ಕೇಳಿಸಿಕೊಂಡರು.

ರಾತ್ರಿ ಊಟವಾದ ಮೇಲೆ ಹೇಳಿದರು: ‘ಬೇಜಾರಾಗಿದೆ ಅನ್ನು, ಮಂಡಿ ನೋವು ಅನ್ನು. ಕುಗ್ಗಿದ್ದಾರೆ ಅಂತ ಊರಿಗೆಲ್ಲ ಹೇಳಬೇಡ. ಕುಗ್ಗೋದು ಅಂದ್ರೆ ಏನು ಅಂತ ನಿನಗೆ ಗೊತ್ತಾ?’

ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ. ಬೆಲೆ ಕುಗ್ಗುತ್ತದೆ, ಧ್ವನಿ ಕುಗ್ಗುತ್ತದೆ, ಮನಸ್ಸು ಕುಗ್ಗುತ್ತದೆ. ಎಲ್ಲದರಲ್ಲೂ ಏನೋ ಸೋತಿದೆ. ಅವರ ಅಳತೆಯನ್ನು ಅವರ ಎದುರೇ ನಾನು ತೆಗೆದು ಹೇಳಿದ್ದೆ. ಅದಕ್ಕೆ ಬೇರೆ ಮಾತು ಯಾವುದು ಅಂತ ಕೇಳಿದ್ದಕ್ಕೆ, ‘ನಾನು ಹೇಳ್ತೀನಿ ಬಿಡು, ನೀನು ಹೇಳಬೇಡ’ ಅಂದರು. ಎರಡು ದಿನ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಟ್ರಂಕಿನಲ್ಲಿ ಏನಿದೆ ಎಂದು ಮೊದಲ ಸಲ ನೋಡಿದೆ. ಹಳೆಯ ಮನೆಯಲ್ಲಿ ಗಡಿಗೆಯ ಮೇಲೆ ಗಡಿಗೆ ಇಟ್ಟ ಅಡಕಲು ಇರುತ್ತಿತ್ತಂತೆ, ಒಂದರಲ್ಲಿ ಬೀಜ, ಒಂದರಲ್ಲಿ ಚಿಲ್ಲರೆ ದುಡ್ಡು. ಟ್ರಂಕನ್ನೂ ಹಾಗೇ ಜೋಡಿಸಿದ್ದರು. ಡಬ್ಬಿಯೊಳಗೆ ಡಬ್ಬಿ, ಸೌತೆಬೀಜ, ಒಣಗಿಸಿದ ವಾಟೆಹುಳಿ, ಹಸೆ ಹಾಡು ಬರೆದ ನೋಟುಬುಕ್ಕು. ಅಡಕ ಅನ್ನುವ ಪದ ಆಗ ನೆನಪಾಯಿತು. ಅಡಕಲು, ಅಡಕ, ಅಡಗು ಎಲ್ಲ ಒಂದೇ ಬಳ್ಳಿ. ಏನನ್ನೂ ಬಿಡದೆ ಚಿಕ್ಕ ಜಾಗದಲ್ಲಿ ಹಿಡಿಸುವುದು.

ಇದನ್ನು ಕೇಳಿ ‘ಪುಣೆಯ ನಮ್ಮ ಕನ್ನಡವೂ ಹೀಗೇ ಅಡಕವಾಗಿದೆ’ ಎಂದು ಯಾರಾದರೂ ಚಪ್ಪಾಳೆ ತಟ್ಟಿದರೆ ನಾನು ಒಪ್ಪುವುದಿಲ್ಲ. ಮಗಳ ಬಾಯಲ್ಲಿ ಹಾಲು, ಬಟ್ಟೆ, ಸೊಪ್ಪು, ಬಾವು ಎಲ್ಲವೂ ‘ಶ್ರಿಂಕ್’ ಆಗುತ್ತವೆ. ಇದು ಸುಂಡಿದ್ದಲ್ಲ, ಬತ್ತಿದ್ದು. ಅವಳೊಬ್ಬಳದೇ ಅಲ್ಲ. ಈ ಭಾಷಣ ಬರೆಯುವ ಮೊದಲು ನಾನು ಹೋದ ವಾರ ಬಳಸಿದ ಇಂಥ ಕ್ರಿಯಾಪದಗಳನ್ನು ನೆನಪು ಮಾಡಿಕೊಂಡೆ. ಮೂರು ಸಿಕ್ಕವು.

ಈಗ ಮನೆಯಲ್ಲಿ ಅಡುಗೆ ಮಾಡುವಾಗ ಮಗಳಿಗೆ ಒಂದು ಕೆಲಸ: ಏನಾಯಿತು ಎಂದು ಕನ್ನಡದಲ್ಲೇ ಕೂಗಿ ಹೇಳಬೇಕು. ಹೋದ ಭಾನುವಾರ ಹಾಲಿಟ್ಟು ಅವಳನ್ನು ಕಾವಲಿಗೆ ನಿಲ್ಲಿಸಿ ನಾವಿಬ್ಬರೂ ಟ್ರಂಕಿನಿಂದ ಹಾಡಿನ ನೋಟುಬುಕ್ಕು ತೆಗೆದು ಕೂತಿದ್ದೆವು. ‘ಅಜ್ಜೀ, ಸುಂಡಿತು!’ ಎಂದು ಒಳಗಿನಿಂದ ಕೂಗು ಬಂತು. ಅತ್ತೆ ಮೂಗೇರಿಸಿ ವಾಸನೆ ನೋಡಿ, ಸೆರಗು ಸಿಕ್ಕಿಸಿಕೊಂಡು ಓಡಿದರು.

‘ಸುಂಡಿದ್ದಲ್ಲ ಕಣೆ, ತಳ ಹಿಡಿದಿದ್ದು!’