ಜೇಬಿಗೆ ಭಾರವಾಗದಂತೆ ಮೈಭಾರ ಇಳಿಸುವುದು

ನಲವತ್ತೈದು ದಾಟಿದ ಗಂಡಸರಿಗಾಗಿ ಈ ಮಾತುಗಳು. ಅದರಲ್ಲೂ ಇಪ್ಪತ್ತನೇ ತಾರೀಖಿಗೇ ಸಂಬಳ ಮುಗಿಯುವವರಿಗಾಗಿ. ತೂಕ ಇಳಿಸಬೇಕೆಂದು ವೈದ್ಯರು ಹೇಳಿದ ಕೂಡಲೇ ನಿಮ್ಮ ಕಣ್ಣಮುಂದೆ ಬರುವುದು ಜಿಮ್ಮಿನ ಶುಲ್ಕ, ಓಟ್ಸ್ ಪೊಟ್ಟಣ, ಆಲಿವ್ ಎಣ್ಣೆ. "ಇದೆಲ್ಲ ದುಡ್ಡಿದ್ದವರಿಗೆ" ಎಂದು ಅಲ್ಲಿಗೇ ಬಿಟ್ಟುಬಿಡುತ್ತೀರಿ. ಆದರೆ ಮಧ್ಯವಯಸ್ಸಿನ ಬೊಜ್ಜನ್ನು ಇಳಿಸುವುದಕ್ಕೆ ಹೊಸದಾಗಿ ಕೊಳ್ಳಬೇಕಾದದ್ದು ಬಹಳ ಕಡಿಮೆ. ಕೊಳ್ಳುವುದನ್ನು ಕಡಿಮೆ ಮಾಡಬೇಕಾದದ್ದೇ ಹೆಚ್ಚು.

ಮೊದಲು ಅಳತೆ ನೋಡಿಕೊಳ್ಳಿ. ಹೊಲಿಗೆಯ ಟೇಪನ್ನು ಹೊಕ್ಕುಳಿನ ಮಟ್ಟದಲ್ಲಿ ಸುತ್ತಿ, ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳದೆ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಅಂಗುಲವೇ ಎಲ್ಲೆ. ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆ ಬೆಳೆದಂತೆ ಪ್ಯಾಂಟು ಕೆಳಗೆ ಜಾರುತ್ತದೆ, ಸೈಜು ಮಾತ್ರ ಹಳೆಯದೇ ಇರುತ್ತದೆ! ಈ ಎಲ್ಲೆ ದಾಟಿದವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಅಪಾಯ ಹೆಚ್ಚು. ಒಬ್ಬರೇ ದುಡಿಯುವ ಮನೆಯಲ್ಲಿ ಯಜಮಾನ ಹಾಸಿಗೆ ಹಿಡಿದರೆ ಮಕ್ಕಳ ಓದೂ ಅಲ್ಲಿಗೆ ನಿಲ್ಲಬಹುದು.

ಈಗ ಚಹದ ಲೆಕ್ಕ ಹಾಕೋಣ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದುಕೊಂಡರೆ ಸುಮಾರು 50 ಗ್ರಾಂ. ಅದು 200 ಕ್ಯಾಲರಿ. ತಿಂಗಳಿಗೆ ಒಂದೂವರೆ ಕೆಜಿ ಸಕ್ಕರೆ, 6,000 ಕ್ಯಾಲರಿ. ಒಂದು ಕೆಜಿ ಬೊಜ್ಜಿನಲ್ಲಿ ಸರಿಸುಮಾರು 7,700 ಕ್ಯಾಲರಿ ಅಡಗಿರುತ್ತದೆ. ಹಾಗಾದರೆ ಸಕ್ಕರೆ ಬಿಟ್ಟ ತಿಂಗಳಲ್ಲೇ ಮುಕ್ಕಾಲು ಕೆಜಿ ಇಳಿಯಬೇಕು. ದೇಹ ಇಷ್ಟು ಕರಾರುವಾಕ್ಕಾಗಿ ಲೆಕ್ಕ ಒಪ್ಪಿಸುವುದಿಲ್ಲ, ನಿಜ. ಆದರೂ ದಿಕ್ಕು ಅದೇ. ಒಮ್ಮೆಗೇ ಬಿಡಲಾಗದವರು ವಾರಕ್ಕೆ ಅರ್ಧ ಚಮಚದಂತೆ ಕಡಿಮೆ ಮಾಡಲಿ. ಚಹದ ಜೊತೆಗಿನ ಬೋಂಡ, ಬನ್ನುಗಳ ಮಾತು ನಾನು ಎತ್ತುವುದಿಲ್ಲ, ನಿಮಗೇ ಗೊತ್ತು.

ಇನ್ನು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇರುತ್ತದೆ, ಅದು ಕಡಲೆಕಾಯಿ ಎಣ್ಣೆಯಾಗಲಿ, ಸೂರ್ಯಕಾಂತಿ ಎಣ್ಣೆಯಾಗಲಿ. ನಾಲ್ವರ ಸಂಸಾರಕ್ಕೆ ತಿಂಗಳಿಗೆ ನಾಲ್ಕು ಲೀಟರ್ ತರುತ್ತಿದ್ದರೆ ಮೂರು ತನ್ನಿ. ಒಗ್ಗರಣೆಗೆ ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಚಮಚದಲ್ಲಿ ಅಳೆದು ಹಾಕಿ. ಒಂದು ಲೀಟರಿನ ಹಣವೂ ಉಳಿಯಿತು. ಆ ಹಣಕ್ಕೆ ಹುರುಳಿ, ಸೊಪ್ಪು ಬರುತ್ತದೆ. 100 ಗ್ರಾಂ ಹುರುಳಿಯಲ್ಲಿ 20 ಗ್ರಾಂಗೂ ಮೀರಿ ಪ್ರೋಟೀನ್ ಇದೆ. ಬಸ್ಸಾರು ಮಾಡಿದಾಗ ಕಟ್ಟಿನ ಜೊತೆ ಕಾಳನ್ನೂ ಧಾರಾಳವಾಗಿ ಬಡಿಸಿಕೊಳ್ಳಿ.

ರಾಗಿ ಮುದ್ದೆ ತಿಂದರೆ ತಾನಾಗಿಯೇ ತೆಳ್ಳಗಾಗುತ್ತೇವೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ತೂಕಕ್ಕೆ ತೂಕ ಹಿಡಿದರೆ ರಾಗಿ ಹಿಟ್ಟಿಗೂ ಅಕ್ಕಿಗೂ ಕ್ಯಾಲರಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಹಸಿವು ತಡವಾಗಿ ಬರುತ್ತದೆ, ಲಾಭ ಅಲ್ಲಿದೆ. ಎರಡು ಮುದ್ದೆ ನುಂಗಿ ಮೇಲೆ ಅನ್ನವನ್ನೂ ಕಲೆಸಿಕೊಂಡರೆ ಆ ಲಾಭ ಹೋಯಿತು. ಮುದ್ದೆಯಾದರೆ ಒಂದು, ಅನ್ನವಾದರೆ ಈಗಿನ ಮುಕ್ಕಾಲು ಪಾಲು, ಪಲ್ಯ ಎರಡು ಪಾಲು.

ದಯವಿಟ್ಟು ನಿಮಗೊಬ್ಬರಿಗೇ ಬೇರೆ ಅಡುಗೆ ಮಾಡಿಸಬೇಡಿ. ಅದು ಮನೆಯಾಕೆಗೆ ಶಿಕ್ಷೆ, ಖರ್ಚೂ ಎರಡರಷ್ಟು. ಮನೆಯ ಪಾತ್ರೆ ಒಂದೇ ಇರಲಿ, ನಿಮ್ಮ ತಟ್ಟೆ ಬದಲಾಗಲಿ. ಮಿಕ್ಕ ಅನ್ನ ಹಾಳಾಗುತ್ತದೆಂದು ರಾತ್ರಿ ಹತ್ತಕ್ಕೆ ಅದನ್ನೂ ಬಳಿದು ತಿನ್ನುವ ಬದಲು ಮರುದಿನ ಅರ್ಧ ಪಾವು ಅಕ್ಕಿ ಕಡಿಮೆ ಹಾಕಿ.

ನಡಿಗೆಗೆ ಖರ್ಚಿಲ್ಲ, ನಿಜ. ಆದರೆ ಒಂದು ಗಂಟೆ ಚುರುಕಾಗಿ ನಡೆದರೆ ಕರಗುವುದು ಸುಮಾರು 250ರಿಂದ 300 ಕ್ಯಾಲರಿ. ವಾಪಸು ಬರುವಾಗ ಹೋಟೆಲಿಗೆ ನುಗ್ಗಿ ಒಂದು ಮಸಾಲೆ ದೋಸೆ ತಿಂದರೆ ಅಷ್ಟೂ ಮರಳಿ ಬರುತ್ತದೆ. ಬಸ್ಸನ್ನು ಎರಡು ಸ್ಟಾಪ್ ಮೊದಲೇ ಇಳಿಯುವುದು ಸುಲಭದ ಆರಂಭ. ಬೆವರು ಸುರಿಸುವ ಬೆಲ್ಟುಗಳಿಗೆ ಹಣ ಸುರಿಯಬೇಡಿ. ಅವು ಇಳಿಸುವುದು ನೀರನ್ನು, ಒಂದು ಚೊಂಬು ಕುಡಿದರೆ ತೂಕ ಮತ್ತೆ ಅಲ್ಲೇ.

ತಿಂಗಳಿಗೆ ಒಂದೆರಡು ಕೆಜಿ ಇಳಿದರೆ ಧಾರಾಳವಾಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಊಟ ಕಡಿಮೆ ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಔಷಧಿಯ ಪ್ರಮಾಣ ಹಾಗೇ ಇದ್ದರೆ ಸಕ್ಕರೆ ಅಂಶ ತೀರಾ ಕುಸಿದು ತಲೆಸುತ್ತಿ ಬೀಳಬಹುದು. ನಡೆಯುವಾಗ ಎದೆ ಹಿಡಿದಂತಾದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಲ್ಲೇ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಆಗುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ, ಹಳೆಯ ಚೀಟಿಗಳಿದ್ದರೆ ಅವನ್ನೂ ಕೊಂಡೊಯ್ಯಿರಿ.