ಸೊಂಟನೋವೂ ಕೈಚಿಕಿತ್ಸೆಯೂ
(ಅಂಧೇರಿಯಲ್ಲಿ ಸೇರಿದ ಹೋಟೆಲ್ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಕುರಿತು ಮಾತಾಡಿ ಅಭ್ಯಾಸವಾದ ನಮಗೆ ಇಂದು ಸೊಂಟದ ಕುರಿತು ಮಾತಾಡಲು ಅಪ್ಪಣೆಯಾಗಿದೆ. ನಾವು ಡಾಕ್ಟರರಲ್ಲ, ಓದಿದ್ದು ಏಳನೆಯ ತರಗತಿ. ಆದರೆ ವರ್ಷಗಟ್ಟಲೆ ಮೋರಿಯಲ್ಲಿ ಬಗ್ಗಿ ಪಾತ್ರೆ ತಿಕ್ಕಿದ, ಭಟ್ಟಿಯ ಮುಂದೆ ನಿಂತ ಸೊಂಟ ನಮ್ಮದು. ಆದ್ದರಿಂದ ನಾಲ್ಕು ಮಾತು ಹೇಳುವ ಹಕ್ಕು ನಮಗೂ ಉಂಟೆಂದು ತಿಳಿದಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಹುಡುಗನೊಬ್ಬ ನಮ್ಮ ಖೋಲಿಯಲ್ಲಿದ್ದ. ದೋಸೆ ಹಿಟ್ಟಿನ ದೊಡ್ಡ ಪಾತ್ರೆಯನ್ನು ಗ್ರೈಂಡರಿನ ಬಳಿಯಿಂದ ಒಬ್ಬನೇ ಎತ್ತುವಾಗ ಅವನ ಸೊಂಟ ಹಿಡಿಯಿತು. ಎರಡು ದಿನಗಳಲ್ಲಿ ನೋವು ಕಾಲಿಗಿಳಿದು ಹೆಬ್ಬೆರಳಿಗೆ ಜೋಮು ಬಂತು. ‘ಉಳುಕು ಮಾರಾಯ, ಹಾಡವೈದ್ಯರಲ್ಲಿಗೆ ಹೋಗುವ’ ಎಂದು ಕರೆದುಕೊಂಡು ಹೋದವರು ಬೇರೆ ಯಾರೂ ಅಲ್ಲ, ನಾವೇ. ಅಲ್ಲಿ ಎಣ್ಣೆ ಹಚ್ಚಿದರು, ಮೊಣಕಾಲಿನಿಂದ ಅದುಮಿದರು, ಸೊಂಟವನ್ನು ಒಮ್ಮೆಲೇ ತಿರುವಿದರು. ಲಟಕ್ಕೆಂದು ಸದ್ದಾಯಿತು, ಹುಡುಗ ಕೂಗಿದ. ‘ಮೂಳೆ ಕೂತಿತು’ ಎಂದರು. ನಾವೂ ನಂಬಿದೆವು.

ಮೂರನೆಯ ದಿನ ಅವನಿಗೆ ಮೂತ್ರ ಕಟ್ಟಿತು. ಕೂರುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಮುನಿಸಿಪಾಲಿಟಿ ಆಸ್ಪತ್ರೆಗೆ ಹೊತ್ತೊಯ್ದೆವು. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿ ನರಗಳ ಕಟ್ಟನ್ನು ಒತ್ತಿದೆಯೆಂದು ಆ ರಾತ್ರಿಯೇ ಆಪರೇಷನ್ ಮಾಡಿದರು. ಮೂತ್ರ ಸರಿಯಾಯಿತು, ಒಂದು ಪಾದವನ್ನು ಮಾತ್ರ ಇಂದಿಗೂ ಎಳೆದೇ ನಡೆಯುತ್ತಾನೆ. ತಿರುವಿದ್ದರಿಂದಲೇ ಹಾಗಾಯಿತೋ, ತನ್ನಷ್ಟಕ್ಕೆ ಆಗುವುದಿತ್ತೋ ಎಂಬುದನ್ನು ಡಾಕ್ಟರರೂ ಖಂಡಿತವಾಗಿ ಹೇಳಲಿಲ್ಲ. ‘ಜೋಮು ಬಂದ ದಿನವೇ ಯಾಕೆ ತರಲಿಲ್ಲ?’ ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಈ ಕೈಚಿಕಿತ್ಸೆಯೆಂದರೆ ಏನೆಂದು ಬಲ್ಲವರಿಂದ ಕೇಳುತ್ತ, ಸಿಕ್ಕಿದ್ದನ್ನು ಓದುತ್ತ ಬಂದಿದ್ದೇವೆ. ಊರಿನಲ್ಲಿ ನಾಟಿ ವೈದ್ಯರಿದ್ದಾರೆ. ಆಂಧ್ರದ ಪುತ್ತೂರು ಕಟ್ಟಿನ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಕಾಲು ಮುಂದಾಗಿ ಹುಟ್ಟಿದವರನ್ನು ಇಲ್ಲಿ ಮರಾಠಿಯಲ್ಲಿ ಪಾಯಾಳು ಎನ್ನುತ್ತಾರೆ; ಅವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಹೋಗುತ್ತದೆಂದು ನಂಬಿಕೆ. (ನಾವೂ ಒಮ್ಮೆ ಒದೆಸಿಕೊಂಡಿದ್ದೇವೆ. ಉಳುಕು ಹೋಗಲಿಲ್ಲ, ಪಕ್ಕೆ ನೋಯಿತು.) ಈಗ ಪೇಟೆಯಲ್ಲಿ ಆಸ್ಟಿಯೋಪಥಿ ಎಂಬ ಬೋರ್ಡೂ ಕಾಣಿಸುತ್ತದೆ.

ಇದನ್ನು ಆರಂಭಿಸಿದವರು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ಹುಟ್ಟಿದ ಇವರೂ ಔಷಧ ಕೊಡುವ ವೈದ್ಯರೇ. 1864ರಲ್ಲಿ ಮಿದುಳಿನ ಪೊರೆಯ ಜ್ವರದಿಂದ ಇವರ ಮನೆಯ ಮೂರು ಮಕ್ಕಳು ತೀರಿಕೊಂಡರು. ಆ ಕಾಲದ ಔಷಧಗಳ ಮೇಲೆ ಇವರಿಗೆ ನಂಬಿಕೆ ಹೋಯಿತು. ಮೂಳೆ, ಸಂದು, ಸ್ನಾಯುಗಳು ಸರಿಯಾಗಿದ್ದರೆ ದೇಹ ತನ್ನ ರೋಗವನ್ನು ತಾನೇ ಗುಣಪಡಿಸಿಕೊಳ್ಳುವುದೆಂದು 1874ರಲ್ಲಿ ಸಾರಿದರು. 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬಲ್ಲಿ ಶಾಲೆ ತೆರೆದರು. ಎಲ್ಲ ರೋಗಗಳ ಮೂಲವೂ ಮೂಳೆಯಲ್ಲಿದೆ ಎಂಬ ಅವರ ಮಾತು ಮುಂದೆ ನಿಲ್ಲಲಿಲ್ಲ. ಮಕ್ಕಳನ್ನು ಕಳಕೊಂಡ ತಂದೆ ಹುಡುಕಾಡಿದ್ದರಲ್ಲಿ ತಪ್ಪೇನೂ ನಮಗೆ ಕಾಣುವುದಿಲ್ಲ. ಇಂದು ಅಮೆರಿಕದಲ್ಲಿ ಈ ಪದವಿ ಪಡೆದವರು ಔಷಧ, ಆಪರೇಷನ್ ಎಲ್ಲವನ್ನೂ ಮಾಡುವ ಪೂರ್ಣ ಡಾಕ್ಟರರು. ಇಂಗ್ಲೆಂಡಿನಲ್ಲಿ ಕೈಯಿಂದ ಮಾತ್ರ ಚಿಕಿತ್ಸೆ ಮಾಡುತ್ತಾರೆ. ಅವರಿಗಾಗಿ 1993ರಲ್ಲಿ ಕಾನೂನೇ ಆಗಿದೆ. ನಮ್ಮ ದೇಶದಲ್ಲಿ ಇದಕ್ಕೆ ಅಂಥ ಪ್ರತ್ಯೇಕ ಮಂಡಳಿಯಿಲ್ಲ. ಆದ್ದರಿಂದ ಬೋರ್ಡು ನೋಡಿದರೆ ಸಾಲದು, ಎಲ್ಲಿ ಕಲಿತರು, ಎಷ್ಟು ವರ್ಷ ಕಲಿತರು ಎಂದು ಕೇಳಲೇಬೇಕು.

ಇದರಿಂದ ಉಪಯೋಗವಿಲ್ಲವೇ? ಉಂಟು. ಬಿಗಿದ ಸ್ನಾಯುವನ್ನು ನೀವಿ ಸಡಿಲಿಸುವುದು, ಸಂದನ್ನು ಮೆಲ್ಲಗೆ ಆಡಿಸುವುದು, ಇವುಗಳಿಂದ ಸೊಂಟನೋವು ಕೆಲವರಿಗೆ ಸ್ವಲ್ಪ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿನ ಬಗ್ಗೆ ಹೊರಡಿಸಿದ ಸೂಚನೆಯಲ್ಲಿ ವ್ಯಾಯಾಮದೊಡನೆ ಇಂಥ ಕೈಚಿಕಿತ್ಸೆಗೂ ಜಾಗ ಕೊಟ್ಟಿದೆ. ಆದರೆ ನಾವೆಲ್ಲ ಸಂಬಳದ ದಿನ ಕೊಳ್ಳುವ ಸೊಂಟದ ಬೆಲ್ಟು ಬೇಡವೆಂದಿದೆ! ಲಟಕ್ಕೆಂದು ಕೇಳುವ ಸದ್ದು ಮೂಳೆ ಕೂತ ಸದ್ದಲ್ಲ. ಸಂದಿನ ನೀರಿನಲ್ಲಿ ಗಾಳಿಗುಳ್ಳೆಯಾಗುವ ಸದ್ದು. ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಬಾರದು, ತಾಳುವಷ್ಟು ಅಡ್ಡಾಡಬೇಕು. ಕೊನೆಗೆ ಯಾರ ಹತ್ತಿರ ನೀವಿಸಿಕೊಂಡಿರುತ್ತೇವೋ ಕೀರ್ತಿ ಅವರಿಗೆ.

ಬರೆದುಕೊಳ್ಳುವವರು ಇಷ್ಟನ್ನು ಬರೆದುಕೊಳ್ಳಿ. ಮೂತ್ರ, ಮಲ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿಯ ಸುತ್ತ ಜೋಮು ಬಂದರೆ, ಕಾಲಿನ ಬಲ ಇಳಿದರೆ ಯಾರ ಕೈಗೂ ಬೆನ್ನು ಕೊಡದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ನೋವಿನೊಡನೆ ಜ್ವರವಿದ್ದರೆ, ಮೈ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ಡಾಕ್ಟರರಿಗೆ ತೋರಿಸಬೇಕು. ಸಲೂನಿನಲ್ಲಿ ಕುತ್ತಿಗೆ ತಿರುವಿಸಿಕೊಳ್ಳುವ ಚಟವನ್ನೂ ಬಿಡಿ. ಅಪರೂಪಕ್ಕೆ ಮಿದುಳಿಗೆ ಹೋಗುವ ರಕ್ತನಾಳ ಹರಿದು ಲಕ್ವ ಹೊಡೆಯುವುದುಂಟು. ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ. ಅಲ್ಲಿ ಕಲಿಸುವ ವ್ಯಾಯಾಮಕ್ಕೆ ಎಣ್ಣೆಯ ಖರ್ಚೂ ಇಲ್ಲ.

ಇನ್ನು ನೋವು ಹುಟ್ಟುವ ಜಾಗದ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಒಬ್ಬ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿತು. ನಮ್ಮ ಅಕ್ಕಿಮೂಟೆ 50 ಕಿಲೋ, ಅದನ್ನು ಹೊತ್ತು ಏರುವುದು ಅಟ್ಟದ ಕಡಿದಾದ ಏಣಿ. ಮೋರಿಯ ಕಟ್ಟೆಯನ್ನು ಒಂದು ಮೊಳ ಎತ್ತರಿಸಲು ಎಷ್ಟು ಇಟ್ಟಿಗೆ ಬೇಕು? ಹಿಟ್ಟಿನ ಪಾತ್ರೆಗೆ ಎರಡು ಕಿವಿ ಇರುವುದು ಇಬ್ಬರು ಹಿಡಿಯಲೆಂದೇ. ಧನಿಗಳಲ್ಲಿ ಇದನ್ನು ಕೇಳಿದ್ದೇವೆ. ಇಬ್ಬರು ಮಾಡಿಕೊಟ್ಟರು, ಉಳಿದವರು ‘ನೋಡುವ’ ಎಂದಿದ್ದಾರೆ. ಮತ್ತೆ ಕೇಳುತ್ತೇವೆ.

ಆ ಹುಡುಗನಿಗೆ ಇ.ಎಸ್.ಐ. ನಂಬ್ರವಿರಲಿಲ್ಲ. ಅವನು ಕೆಲಸಕ್ಕಿದ್ದ ಹೋಟೆಲಿನಲ್ಲಿ ಹದಿನೆಂಟು ಜನರಿದ್ದರು, ಪುಸ್ತಕದಲ್ಲಿ ಏಳೇ ಹೆಸರು. ಹತ್ತು ಜನರಿದ್ದಲ್ಲಿ ಇ.ಎಸ್.ಐ. ಬರುತ್ತದೆ. 2017ರಲ್ಲಿ ನಿಗದಿಯಾದ ಮಿತಿಯಂತೆ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಪಡೆಯುವವರಿಗೆ ಅನ್ವಯ. 2019ರ ಜುಲೈಯಿಂದ ನಮ್ಮ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಧನಿಗಳದ್ದು ಮೂರೂಕಾಲು. ಆರು ತಿಂಗಳ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಅವನಿಗೆ ಅದರಲ್ಲಿ ಒಂದು ಕಾಸೂ ಸಿಗಲಿಲ್ಲ; ಮೂರು ತಿಂಗಳು ಖೋಲಿಯವರು ಊಟ ಹಂಚಿಕೊಂಡೆವು.

ನಂಬ್ರವಿಲ್ಲದವರು ಸಭೆ ಮುಗಿದ ಮೇಲೆ ಹೆಸರು, ಕೆಲಸಕ್ಕೆ ಸೇರಿದ ತಾರೀಕು ಬರೆಸಿ ಹೋಗಬೇಕು. ಬಾಗಿಲ ಬಳಿ ಪುಸ್ತಕ ಹಿಡಿದು ಕೂತವನು ಅವನೇ. ಅವನನ್ನು ಎಬ್ಬಿಸಬೇಡಿ, ನೀವೇ ಹತ್ತಿರ ಹೋಗಿ.