ಬೆನ್ನಿಗೆ ಆಸರೆ, ಕಣ್ಣಿಗೆ ಬಯಲು
(ಅಣ್ಣಿಗೇರಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸ)



ಸಾರ್ವಜನಿಕ ಸ್ಥಳದಲ್ಲಿ ಕಲ್ಲು ಬೆಂಚು ಹಾಕಿಸುವುದು ಪಂಚಾಯತಿಯ ಕಾಮಗಾರಿಗಳಲ್ಲಿ ತೀರ ಸಣ್ಣದು. ಆದುದರಿಂದಲೇ ಅದರ ಕುರಿತು ಚರ್ಚೆಯೂ ನಡೆಯುವುದಿಲ್ಲ. ಹಾಕಿಸಿದ ಬೆಂಚಿನ ಮೇಲೆ ಯಾರು ಕೂಡುತ್ತಾರೆ, ಯಾರು ಕೂಡುವುದಿಲ್ಲ ಎಂಬುದನ್ನು ಇಂದು ವಿಚಾರಿಸೋಣ.

ಇಲ್ಲಿಯ ಅಮೃತೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ಶಿಲ್ಪಿಗಳು ತೆರೆದ ಮಂಟಪಗಳ ಅಂಚಿಗೆ ಕಕ್ಷಾಸನ ಕಟ್ಟುತ್ತಿದ್ದರು. ಅದರ ಒರಗುಗಲ್ಲು ಹೊರಕ್ಕೆ ವಾಲಿರುತ್ತದೆ. ಕುಳಿತವರ ಬೆನ್ನಿಗೆ ಆಸರೆ, ಕಣ್ಣೆದುರಿಗೆ ಇಡೀ ಮಂಟಪ. ನಮ್ಮ ಮನೆಗಳ ಮುಂದಿನ ಕಟ್ಟೆಯ ಲೆಕ್ಕವೂ ಇದೇ: ಹಿಂದೆ ಗೋಡೆ, ಮುಂದೆ ಓಣಿ. ತಾನು ಎಲ್ಲವನ್ನೂ ಕಾಣುವಂತಿದ್ದು ತನಗೊಂದು ಮರೆಯೂ ಇರುವ ತಾಣ ಮನುಷ್ಯನಿಗೆ ಹಿತವೆನಿಸುತ್ತದೆ ಎಂದು ಇಂಗ್ಲೆಂಡಿನ ಭೂಗೋಳ ವಿದ್ವಾಂಸ ಜೇ ಆಪಲ್‌ಟನ್ 1975ರಲ್ಲಿ ಪ್ರತಿಪಾದಿಸಿದರು. ನಮ್ಮ ಗೌಂಡಿಗಳಿಗೆ ಇದು ಮೊದಲೇ ಗೊತ್ತಿತ್ತು.

ಬಸ್ ತಂಗುದಾಣ ಕಟ್ಟುವಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ. ಮೂರು ಕಡೆ ಗಿಡ್ಡ ಕಿಟಕಿಯೂ ಇಲ್ಲದ ಗೋಡೆ ಎಬ್ಬಿಸಿದರೆ ಒಳಗಿದ್ದವರಿಗೆ ಬರುವ ಬಸ್ಸು ಕಾಣದು, ಹೊರಗಿನವರಿಗೆ ಒಳಗಿದ್ದವರು ಕಾಣರು. ಅಪರಿಚಿತ ಗಂಡಸೊಬ್ಬ ಅಂಚಿನಲ್ಲಿ ಕುಳಿತರೆ ಸಾಕು, ಹೆಣ್ಣುಮಕ್ಕಳು ಬಿಸಿಲಿನಲ್ಲಿಯೇ ನಿಲ್ಲುತ್ತಾರೆ. ಅರಳಿಕಟ್ಟೆಯಂತೂ ರೂಢಿಯಿಂದ ಗಂಡಸರ ಪಾಲಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಕಾಯುವ ಚಿಂತೆ ತಪ್ಪಿಲ್ಲ.

ಹಿಂದಿನ ಗೋಡೆ ಪೂರ್ಣವಿರಲಿ. ಪಕ್ಕದ ಗೋಡೆಗಳನ್ನು ಸೊಂಟದೆತ್ತರಕ್ಕೆ ನಿಲ್ಲಿಸಿ, ಎರಡೂ ಬದಿಗೆ ಹೊರಹೋಗುವ ದಾರಿ ಬಿಡಿರಿ. ದೀಪ ಕೂತವರ ಮುಖದ ಮೇಲಷ್ಟೇ ಬೀಳದೆ ದಾರಿಯ ಮೇಲೂ ಬೀಳಲಿ. ಇಲ್ಲವಾದರೆ ಎಲ್ಲರಿಗೂ ಅವರು ಕಾಣುತ್ತಾರೆ, ಅವರಿಗೆ ಯಾರೂ ಕಾಣುವುದಿಲ್ಲ. ಒಂದೇ ಉದ್ದನೆಯ ಹಾಸುಗಲ್ಲಿಗಿಂತ ಮೂಲೆಗೂಡಿಸಿದ ಎರಡು ಬೆಂಚು ಲೇಸು. ಆಗ ಅಪರಿಚಿತರ ಮಗ್ಗುಲಿಗೇ ಕೂಡಬೇಕಾಗುವುದಿಲ್ಲ. ಎತ್ತರ ಸುಮಾರು 45 ಸೆಂಟಿಮೀಟರ್ ಇರಲಿ. ಮೊಣಕಾಲು ನೋಯುವ ಅಜ್ಜಿ ಊರಿಕೊಂಡು ಏಳಲು ಕೈಯಾಸರೆ ಬೇಕು. ಅಂದಾಜು ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದು ಅದೇ.

ನಮ್ಮದು ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ಹಾಗೆಯೇ ಇಟ್ಟ ಬೆಂಚು ವಾಲುತ್ತದೆ. ಅಡಿಯ ಎರೆಯನ್ನು ತೆಗೆಸಿ, ಗರಸು ತುಂಬಿಸಿ, ಧಮ್ಮಸು ಹಾಕಿಸಿದ ಮೇಲೆಯೇ ಬೆಂಚು ಕೂಡಿಸಬೇಕು. ಕಲ್ಲು ಮಧ್ಯಾಹ್ನ ಕಾಯುವುದರಿಂದ ಪಶ್ಚಿಮಕ್ಕೊಂದು ಬೇವಿನ ಗಿಡವೂ ಬೇಕು.

ಸ್ಥಳ ಗೊತ್ತುಪಡಿಸುವ ಮುನ್ನ ಮಹಿಳಾ ಗ್ರಾಮಸಭೆಯಲ್ಲಿ ಕೇಳಿರಿ: ಬಸ್ಸಿಗಾಗಿ ನೀವು ಎಲ್ಲಿ ನಿಲ್ಲುತ್ತೀರಿ, ತಂಗುದಾಣದೊಳಗೆ ಏಕೆ ಕೂಡುವುದಿಲ್ಲ? ಅವರ ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅಂದಾಜು ಪಟ್ಟಿ ತಯಾರಿಸುವ ಅಭಿಯಂತರರ ಕೈಗೆ ಅದರ ಪ್ರತಿಯನ್ನು ಕೊಡಿರಿ.